ತಡಿ, ರೇಟ್ ಇಳೀತೈತಿ

ಕೆಲವರಿಗೆ ಎಲ್ಲಿ ಹೋದರೂ ನಾಯಿಗಳು ಬೆನ್ನು ಹತ್ತುತ್ತವೆ. ನನಗೆ ಎಲ್ಲಿ ಹೋದರೂ "ಸ್ವಲ್ಪ ತಡಿ" ಎನ್ನುವವರೇ ಗಂಟು ಬೀಳುತ್ತಾರೆ. ನಾಯಿಯಾದರೆ ಕಲ್ಲು ತೋರಿಸಿ ಓಡಿಸಬಹುದಿತ್ತು.

ಮಸ್ಕಿಯಲ್ಲಿ ನಮ್ಮದು ಗೊಬ್ಬರದ ಅಂಗಡಿ. ಬೆಳೆಗೆ ಹೊಡೆಯುವ ಎಣ್ಣೆಯನ್ನೂ, ಅಂದರೆ ಕೀಟನಾಶಕವನ್ನೂ, ಮಾರುತ್ತೇವೆ. ಬಾಗಿಲು ತೆರೆದಾಗಿನಿಂದ ರೈತರದು ಒಂದೇ ಪ್ರಶ್ನೆ: "ಸಾವ್ಕಾರ್ರ, ಈಗ ಎಣ್ಣಿ ಹೊಡೀಲೋ, ತಡೀಲೋ?" ಅವರು ತಂದ ಎಲೆಯನ್ನು ತಿರುವಿ ನೋಡಿ ನಾನು ತಟ್ಟನೆ ಹೇಳಿಬಿಡುತ್ತೇನೆ. ಎಷ್ಟೋ ಎಕರೆ ಭತ್ತ ನನ್ನ ಮಾತಿನ ಮೇಲೆ ನಿಂತಿದೆ. ಅಂಥ ನಾನು, ಒಂದು ಗೇಮಿಂಗ್ ಕಂಪ್ಯೂಟರನ್ನು ಈಗ ಕಟ್ಟಿಸಲೋ ತಡೆಯಲೋ ಎಂದು ತಿಳಿಯದೆ ಮೂರು ವರ್ಷ ಒದ್ದಾಡಿದೆ.

ಇದೆಲ್ಲ ಒಬ್ಬ ಗೆಳೆಯನ ಸಲುವಾಗಿ. ಲಿಂಗಸುಗೂರಿನಲ್ಲಿ ಕಾಲೇಜಿಗೆ ಹೋಗುವಾಗ ನಾವಿಬ್ಬರೂ ಕ್ಲಾಸು ತಪ್ಪಿಸಿ, ಗೇಮ್ ಆಡಿಸುವ ಒಂದು ಅಂಗಡಿಯಲ್ಲಿ ಅಕ್ಕಪಕ್ಕ ಕೂತು ಆಡುತ್ತಿದ್ದೆವು. ಈಗ ಅವನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟ್ ಕೆಲಸ. ಮೂರು ವರ್ಷದ ಹಿಂದೆ ಅವನು ತನ್ನ ಕಂಪ್ಯೂಟರ್ ಕಟ್ಟಿಸಿ ಫೋನ್ ಮಾಡಿದ. "ನಾ ಹಟ್ಟ್ಯಾಗ, ನೀ ಮಸ್ಕ್ಯಾಗ. ನೆಟ್‌ನ್ಯಾಗ ಕೂಡಿ ಆಡೂಣು. ನೀನೂ ಲಗೂನ ತಗೋ ದೋಸ್ತ" ಎಂದ. ನಿಜ ಹೇಳಬೇಕೆಂದರೆ ನನಗೆ ಕಂಪ್ಯೂಟರಿಗಿಂತ ಹೆಚ್ಚಾಗಿ ಅವನ ಪಕ್ಕದ ಕುರ್ಚಿ ಬೇಕಾಗಿತ್ತು.

ಹೊಸಾದು ಬರಾಕತ್ತೈತಿ

ಮರುವಾರವೇ ಸಿಂಧನೂರಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಕಟ್ಟಿಕೊಡುವ ಅಂಗಡಿಯವನು, ನನ್ನ ದುರ್ದೈವಕ್ಕೆ, ಪ್ರಾಮಾಣಿಕ ಮನುಷ್ಯ. ಮೋಸಗಾರನಾಗಿದ್ದರೆ ಅಂದೇ ಮಾರಿ ಕೈ ತೊಳೆದುಕೊಳ್ಳುತ್ತಿದ್ದ.

"ಈಗ ತಗೋಬ್ಯಾಡ್ರಿ" ಎಂದ. "ಗೇಮ್ ಆಡಾಕ ಬೇಕಾದ ಗ್ರಾಫಿಕ್ಸ್ ಕಾರ್ಡ್ ಮುಂದಿನ ತಿಂಗಳು ಹೊಸಾದು ಬರಾಕತ್ತೈತಿ. ಅದು ಬಂತಂದ್ರ ಹಳೇದರ ರೇಟ್ ಇಳೀತೈತಿ."

ತಡೆದೆ. ಎರಡು ತಿಂಗಳು ಬಿಟ್ಟು ಹೋಗಿ ಕೇಳಿದೆ, "ಹೊಸಾದು ಬಂತೇನ್ರಿ?"

"ಬಂತ್ರಿ."

"ಹಳೇದರ ರೇಟು ಇಳೀತೇನ್ರಿ?"

"ಹಳೇದು ಬರೋದ ನಿಂತೈತ್ರಿ."

"ಹಂಗಾದ್ರ ಹೊಸಾದ ಕೊಡ್ರಿ."

"ತಡೀರಿ, ಅದಕ್ಕಿಂತ ಹೊಸಾದು ಬರಾಕತ್ತೈತಿ."

ಹೀಗೆ ಹೋಗಿ ಹೋಗಿ ಚಹಾ ಕುಡಿದು ಬರುವುದೇ ಆಯಿತು. ಕೊನೆಗೆ ಅವನಿಗೇ ಕನಿಕರ ಬಂತು. ಪಕ್ಕಕ್ಕೆ ಗಾಜು, ಒಳಗೆ ಬಣ್ಣದ ದೀಪ ಇರುವ, ಕಂಪ್ಯೂಟರಿನ ಭಾಗ ಜೋಡಿಸುವ ಒಂದು ಖಾಲಿ ಕ್ಯಾಬಿನೆಟ್ ತೆಗೆದು ಮುಂದಿಟ್ಟ. "ಬರಿಗೈಲೆ ಹೋಗಬ್ಯಾಡ್ರಿ. ಇದನ್ನರ ಒಯ್ರಿ. ಖಾಲಿ ಡಬ್ಬಿಗೆ ಹಳೇದು ಹೊಸಾದು ಅನ್ನೋದಿಲ್ಲ" ಎಂದ. ಖಾಲಿ ಡಬ್ಬಿ ಕಟ್ಟಿಕೊಂಡು ಊರಿಗೆ ಬಂದೆ.

ಅಪ್ಪನ ಸಿದ್ಧಾಂತ

ನಮ್ಮ ಅಂಗಡಿಯ ಗಲ್ಲಾದ ಮೇಲೆ ಅಪ್ಪ ಕೂರುತ್ತಾರೆ. ಹಿಂದೆ ಒಮ್ಮೆ ಅವರು ರೇಟು ಬರಲಿ ಎಂದು ಸುಗ್ಗಿಯ ಭತ್ತವನ್ನೆಲ್ಲ ಗೋದಾಮಿನಲ್ಲಿ ಹಿಡಿದಿಟ್ಟಿದ್ದರು. ರೇಟು ಬರುವ ಮೊದಲು ಇಲಿಗಳು ಬಂದವು. ಅಂದಿನಿಂದ ಅವರದೊಂದು ಸಿದ್ಧಾಂತ: ಏರಿದಾಗ ಮಾರಬೇಕು, ಇಳಿದಾಗ ಕೊಳ್ಳಬೇಕು. ಗೊಬ್ಬರ ಕೊಳ್ಳಲು ಬಂದವರಿಗೆಲ್ಲ ಇದನ್ನು ಪುಕ್ಕಟೆಯಾಗಿ ಹೇಳಿ ಕಳಿಸುತ್ತಾರೆ.

ಅಷ್ಟರಲ್ಲಿ ಕಂಪ್ಯೂಟರಿಗೆ ಹಾಕುವ ರ‍್ಯಾಮ್ ಎಂಬ ಗೇಣುದ್ದದ ಪಟ್ಟಿಯ ಬೆಲೆ ಮುಗಿಲಿಗೆ ಏರಿತ್ತು. ಇನ್ನೂ ತಡೆದರೆ ಕೆಟ್ಟೆ ಅನಿಸಿ ಅಪ್ಪನ ಮುಂದೆ ವಿಷಯ ತೆಗೆದೆ.

"ಯಾಕ ಏರೈತಿ?" ಎಂದರು.

"ಎಐ ಮಾಡೋ ದೊಡ್ಡ ದೊಡ್ಡ ಕಂಪನ್ಯಾರು ಮಾಲೆಲ್ಲಾ ಬಾಚ್ಕೊಳ್ಳಾಕತ್ತಾರ."

"ಹಿಡದಿಟ್ಟಾರ ಅನ್ನು. ಹಿಡದಿಟ್ಟ ಮಾಲಿಗೆ ಇಲಿ ಬೀಳ್ತಾವ. ಆಗ ತಾವ ಬಿಟ್ಟು ಮಾರ್ತಾರ. ತಡಿ, ಇಳೀತೈತಿ."

ಗೊರೇಬಾಳದಿಂದ ಬಂದಿದ್ದ ರೈತನೊಬ್ಬ ಗೊಬ್ಬರದ ಚೀಲ ಹೊತ್ತುಕೊಂಡೇ "ಹಿರೇರು ಖರೇ ಹೇಳ್ತಾರ್ರಿ" ಎಂದ. ರ‍್ಯಾಮ್ ಎಂದರೆ ಏನೆಂದು ಅವನಿಗೂ ಗೊತ್ತಿರಲಿಲ್ಲ. ಇಬ್ಬರು ಹೇಳಿದ ಮೇಲೆ ಮತ್ತೆ ತಡೆದೆ. ಬೆಲೆ ಮತ್ತೆ ಏರಿತು. ಹೋಗಿ ಅಪ್ಪನಿಗೆ ತೋರಿಸಿದೆ.

"ಏರಿದ್ದು ಇಳೀಲಽ ಬೇಕು."

"ಯಾವಾಗಪ್ಪಾ?"

"ಅದು ಗೊತ್ತಿದ್ರ ನಾ ಯಾಕ ಗೊಬ್ಬರ ಮಾರ್ಕೋತ ಕುಂದರ್ತಿದ್ದೆ?"

ಖಾಲಿ ಡಬ್ಬಿಗೆ ವಿಭೂತಿ

ಮಹಾನವಮಿ ಬಂತು. ಅವ್ವ ಅಂಗಡಿಯ ತಕ್ಕಡಿ, ನನ್ನ ಬೈಕು, ಎಣ್ಣೆ ಹೊಡೆಯುವ ಪಂಪು, ಇವುಗಳ ಸಾಲಿನಲ್ಲಿ ನನ್ನ ಖಾಲಿ ಕ್ಯಾಬಿನೆಟ್ಟನ್ನೂ ಇಟ್ಟು ವಿಭೂತಿ ಹಚ್ಚಿದಳು. ಹಬ್ಬಕ್ಕೆ ಸಾಲಗುಂದದಿಂದ ಬಂದಿದ್ದ ಸೋದರತ್ತೆ ಗಾಜಿಗೆ ಹಣೆ ಹಚ್ಚಿ ಒಳಗೆ ನೋಡಿದಳು.

"ಗುಡಿ ಚಂದೈತಿ. ಒಳಗ ದೇವರೆಲ್ಲಿ?"

"ಇನ್ನೂ ಬಂದಿಲ್ಲತ್ತಿ."

"ಯಾವಾಗ ಬರ್ತಾನ?"

"ರೇಟ್ ಇಳದ ಮ್ಯಾಲೆ."

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅತ್ತೆ ಕೆನ್ನೆ ಬಡಿದುಕೊಂಡು ನನ್ನ ಪರವಾಗಿ ಡಬ್ಬಿಗೆ ಕ್ಷಮೆ ಕೇಳಿದಳು.

ಅದೇ ಹೊತ್ತಿಗೆ ಹಟ್ಟಿಯ ಗೆಳೆಯ ಒಂದು ಫೋಟೋ ಕಳಿಸಿದ. ಅವನು ಧೂಳು ತೆಗೆಯಲೆಂದು ಕಂಪ್ಯೂಟರ್ ಬಿಚ್ಚಿ ಚಾಪೆಯ ಮೇಲೆ ಹರವಿದ್ದನಂತೆ. ಅವನ ತಾಯಿ, ಒಂದಕ್ಕೆ ಹಚ್ಚಿ ಇನ್ನೊಂದಕ್ಕೆ ಬಿಡಬಾರದೆಂದು, ಬಿಡಿಭಾಗಗಳಿಗೆಲ್ಲ ನೀರಲ್ಲಿ ಕಲಸಿದ ವಿಭೂತಿ ಬಳಿದಿದ್ದರು. ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ ಮೂರು ಬೆರಳಿನ ಪಟ್ಟೆ, ನಡುವೆ ಕುಂಕುಮ. "ಎಷ್ಟು ಒರಸಿದ್ರೂ ಹೋಗವಲ್ದು ದೋಸ್ತ" ಎಂದ. ಆಮೇಲೆ ಕೇಳಿದ, "ನಿನ್ನ ಡಬ್ಬಿ ಯಾವಾಗ ಭರ್ತಿ ಆಗೂದು? ಒಬ್ಬನಽ ಆಡಿ ಆಡಿ ಬ್ಯಾಸರಾಗೈತಿ." ಅವನು ತಮಾಷೆಗೆ ಹೇಳಲಿಲ್ಲ. ನನಗೆ ಊಟ ಸೇರಲಿಲ್ಲ.

ಕೊನೆಗೂ ಕಟ್ಟಿಸಿದೆ

ಆಮೇಲೆ ಅವನ ಫೋನ್ ಕಡಿಮೆಯಾದವು. ಒಂದು ಬೆಳಗ್ಗೆ ನಾನೇ ಮನಸ್ಸು ಗಟ್ಟಿ ಮಾಡಿ, ಅಪ್ಪನಿಗೆ ಹೇಳದೆ, ಕ್ಯಾಬಿನೆಟ್ ಬೈಕಿಗೆ ಕಟ್ಟಿಕೊಂಡು ಸಿಂಧನೂರಿಗೆ ಹೋದೆ.

ಅಂಗಡಿಯವನು ಮೂರು ವರ್ಷದಲ್ಲಿ ಮೊದಲ ಸಲ ಬೇರೆ ಮಾತಾಡಿದ. "ಹೊಸಾದು ಮುಟ್ಟಂಗಿಲ್ರಿ. ಆದ್ರ ಮೊನ್ನೆ ಒಂದು ಸೆಕೆಂಡ್ ಹ್ಯಾಂಡ್ ಮಾಲು ಬಂದೈತಿ. ಬರೋಬರಿ ಜ್ವಾಪಾನ ಮಾಡ್ಯಾರ. ಈಗ ತಗೊಂಡ್ರ ಆತು, ತಡದ್ರ ಹೋತು." ತಡೆಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಕೂಡ್ರಸ್ರಿ" ಎಂದೆ. ಅವನು ಎಲ್ಲ ಜೋಡಿಸುವಷ್ಟರಲ್ಲಿ ನಾನು ಖಾನಾವಳಿಯಲ್ಲಿ ಉಂಡು ಬಂದೆ.

ಮನೆಗೆ ಒಯ್ಯುವಷ್ಟು ತಾಳ್ಮೆ ಇರಲಿಲ್ಲ. ನಮ್ಮ ಅಂಗಡಿಯಲ್ಲೇ ಗೊಬ್ಬರದ ಚೀಲದ ಮೇಲಿಟ್ಟು, ಬಿಲ್ ಮಾಡುವ ಪರದೆಗೆ ಜೋಡಿಸಿ ಹಚ್ಚಿದೆ. ಬಣ್ಣದ ದೀಪ ಹತ್ತಿದವು. ಸ್ಪೀಕರ್ ಹಾಕಿ ಹಟ್ಟಿಗೆ ಫೋನ್ ಮಾಡಿದೆ.

"ಲೇ, ಕಟ್ಟಿಸೀನಿ. ಇವತ್ತ ಆಡೂಣು ಬಾ."

ಅವನು ಅಂದ, "ದೋಸ್ತ, ನಾ ಮೊನ್ನೆ ನಂದು ಮಾರಿಬಿಟ್ಟೀನಿ."

"ಯಾಕಲೇ?"

"ನೀ ಬರೂದಿಲ್ಲ ಅನ್ಕೊಂಡೆ. ಹೋದ ವಾರ ನಿಮ್ಮ ಅಂಗಡಿಗೆ ಬಂದಿದ್ದೆ, ನೀ ಇರಲಿಲ್ಲ. ಒಬ್ಬನಽ ಆಡಿ ಸಾಕಾಗೈತ್ರಿ ಅಂತ ನಿಮ್ಮಪ್ಪಾರ ಮುಂದ ಅಂದೆ. ರೇಟ್ ಏರೈತಲ್ಲ, ಈಗಽ ಮಾರು ಅಂದ್ರು. ಸಿಂಧನೂರಾಗ ಕೊಟ್ಟು ಬಂದೆ."

ಬಗ್ಗಿ ಗಾಜಿನೊಳಗೆ ನೋಡಿದೆ. ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಇಬ್ಬರಿಗೆ ಎರಡು ಕಂಪ್ಯೂಟರ್ ಆಗಲೆಂದು ಮೂರು ವರ್ಷ ಕಾದು, ಇದ್ದ ಒಂದನ್ನೇ ಹಟ್ಟಿಯಿಂದ ಮಸ್ಕಿಗೆ ತಂದಿಟ್ಟುಕೊಂಡಿದ್ದೆ.

"ನಿಂದು ನನ್ನ ಡಬ್ಬ್ಯಾಗ ಕುಂತೈತಿ" ಎಂದೆ. ಅಳುವೇ ಬಂದಿತ್ತು.

ಅವನು ನಿಟ್ಟುಸಿರು ಬಿಟ್ಟ. "ಆತು ಬಿಡು. ಹಂಗಾದ್ರ ಈಗ ನಾ ಹೊಸಾದು ತಗೊಳ್ಳಲೋ, ತಡೀಲೋ?"

ನಾನು ಬಾಯಿ ತೆರೆಯುವ ಮೊದಲೇ, ಗಲ್ಲಾದ ಮೇಲೆ ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತದೆ ಹೇಳಿದರು:

"ತಡಿ ಅನ್ನು. ಇಳೀತೈತಿ."