ಸಿ ಡ್ರೈವ್ ತುಂಬಿದ್ದರಿಂದ ಮರಗಳಿಗೆ ತಡೆಯಾಜ್ಞೆ

ಸರ್ವರ್‌ನ ಸಿ ಡ್ರೈವಿನಲ್ಲಿ ಜಾಗ ಮುಗಿದಿರುವ ಕಾರಣ, ಮುಂದಿನ ಆದೇಶದವರೆಗೆ ತಾಲ್ಲೂಕಿನಲ್ಲಿ ಯಾವುದೇ ಮರವು ಬೀಳತಕ್ಕದ್ದಲ್ಲ ಎಂದು ಗುಡ್ಡಗಾಡು ಮರ ಪರವಾನಗಿ ನಿಗಮದ ಆಲೂರು ಕಚೇರಿಯು ೨೦೦೨ರ ಏಪ್ರಿಲ್ ತಿಂಗಳಿನಲ್ಲಿ ಪ್ರಕಟಿಸಿತು.

ಪ್ರಕಟಣೆಯಲ್ಲಿ ದೋಷವೇನೂ ಇರಲಿಲ್ಲ. ಮರ ಕಡಿಯಲು ಪರವಾನಗಿ ಬೇಕು. ಪರವಾನಗಿಯನ್ನು ಕಂಪ್ಯೂಟರೇ ಮುದ್ರಿಸಬೇಕು; ಗಣಕೀಕರಣವಾದ ದಿನದಿಂದ ಕೈಬರಹದ ಪರವಾನಗಿ ಅಸಿಂಧು. ಸಿ ಡ್ರೈವ್ ತುಂಬಿದ ಕಂಪ್ಯೂಟರು ಏನನ್ನೂ ಮುದ್ರಿಸುವುದಿಲ್ಲ. ಪ್ರಕಟಣೆಯನ್ನು ಮಾತ್ರ ಹಳೆಯ ಟೈಪ್‌ರೈಟರಿನಲ್ಲಿ ಹೊಡೆದು ಕಚೇರಿಯ ಗೋಡೆಗೆ ಅಂಟಿಸಲಾಯಿತು.

ಕುಂದೂರು ಕಡೆಯ ರೈತ ವೀರಯ್ಯ ಅದನ್ನು ಎರಡು ಸಲ ಓದಿಕೊಂಡು ಒಳಗೆ ಬಂದ. ಅವನ ಹಿತ್ತಲಿನ ಹಲಸಿನ ಮರ ಅಡುಗೆಮನೆಯ ಮೇಲೆ ವಾಲಿತ್ತು. ಬುಡದ ಮಣ್ಣು ಬಿರಿದಿತ್ತು. ಮಳೆ ಹಿಡಿಯುವ ಮುಂಚೆ ಮರ ಕಡಿಯದಿದ್ದರೆ ಅಡುಗೆಮನೆ ಉಳಿಯುತ್ತಿರಲಿಲ್ಲ. ಅವನ ಹೆಂಡತಿ ಭೂತಮ್ಮ ದಿನದ ಬಹುಪಾಲು ಇರುತ್ತಿದ್ದುದು ಅಲ್ಲಿಯೇ.

“ಸಾಹೇಬ್ರೆ, ಮರ ಇನ್ನೂ ವಾಲ್ಕಂಡೈತೆ. ಹೋದ್ ವಾರ ಹೆಂಚಿಗೂ ಅದಕ್ಕೂ ಮೊಳದಷ್ಟು ಸಂದಿತ್ತು. ಈಗ ಮುಟ್ತಾ ಐತೆ.”

ಕಚೇರಿಯ ಮುಖ್ಯಾಧಿಕಾರಿ ಬಸವಯ್ಯನವರು ಕನ್ನಡಕ ತೆಗೆದರು. “ಸಿಯಲ್ಲಿ ಜಾಗ ಇಲ್ಲ ವೀರಯ್ಯ.”

“ಎಲ್ಲೈತೆ ಸಾ ಅದು? ಒಂದ್ ಗುದ್ಲಿ ಕೊಡಿ, ನಾನೇ ಜಾಗ ಮಾಡ್ಕೊಡ್ತೀನಿ.”

“ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶ ಇಲ್ಲ.”

“ಹಂಗಾರೆ ಮರಕ್ಕೆ ಏನಂತ ಹೇಳ್ಲಿ?”

“ಪ್ರಕಟಣೆ ಓದಿ ಹೇಳು.”

ವೀರಯ್ಯ ನಿಯಮಕ್ಕೆ ತಲೆಬಾಗುವ ಮನುಷ್ಯ. ಮನೆಗೆ ಹೋಗಿ ಮರದ ಮುಂದೆ ನಿಂತು, ನೆನಪಿದ್ದಷ್ಟನ್ನು ಓದಿ ಹೇಳಿದ.

ಹಾಸನದಿಂದ ಶ್ವೇತಾ ಎಂಬ ಕಂಪ್ಯೂಟರ್ ಎಂಜಿನಿಯರನ್ನು ಕರೆಸಲಾಯಿತು. ಆಕೆ ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟಿ ನಕ್ಕುಬಿಟ್ಟಳು.

“ಇರೋದು ಒಂದೇ ಡಿಸ್ಕು ಸಾರ್. ಅದನ್ನ ಎರಡು ಭಾಗ ಮಾಡಿದ್ದಾರೆ. ಸಿಗೆ ಅಂಗೈಯಷ್ಟು ಜಾಗ ಕೊಟ್ಟು ಉಳಿದದ್ದೆಲ್ಲ ಡಿಗೆ ಬಿಟ್ಟಿದ್ದಾರೆ. ಡಿ ಪೂರ್ತಿ ಖಾಲಿ. ಬ್ಯಾಕಪ್ ತಗೊಂಡು ಡಿಯನ್ನ ಕುಗ್ಗಿಸಿ ಸಿಯನ್ನ ಹಿಗ್ಗಿಸಿದ್ರೆ ಆಯ್ತು. ಸಂಜೆ ಒಳಗೆ ಮುಗಿಸ್ತೀನಿ.”

“ಸಂಜೆ ಒಳಗೆ” ಎಂಬ ಮಾತು ಆ ಕಚೇರಿಯಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ. ಅಲ್ಲದೆ ಡಿ ಡ್ರೈವನ್ನು ಲೆಕ್ಕಶಾಖೆಗೆ ಹಂಚಿಕೆ ಮಾಡಿ ಆದೇಶವಾಗಿತ್ತು. ಲೆಕ್ಕಶಾಖೆಯ ಮುಖ್ಯಸ್ಥ ರಾಜಶೇಖರ್ ಅದನ್ನು ಈವರೆಗೆ ತೆರೆದು ನೋಡಿರಲಿಲ್ಲ. ಅವರು ಲೆಕ್ಕವನ್ನು ಬೆರಳಿನಲ್ಲೇ ಮಾಡುತ್ತಿದ್ದರು.

“ಖಾಲಿ ಇದ್ದ ಮಾತ್ರಕ್ಕೆ ಅನಾಥ ಅಲ್ಲ ಕಣ್ರೀ,” ಎಂದರು ಅವರು. “ಒಂದ್ ಸಲ ಕೊಟ್ಟ ಜಾಗ ಯಾವತ್ತಾದ್ರೂ ವಾಪಸ್ ಬಂದಿದ್ದುಂಟಾ?”

ರಾಜಶೇಖರ್ ಬೆಳಗೋಡು ಕಡೆಯ ತೋಟದ ಮನೆತನದವರು. ಅವರ ದೊಡ್ಡಪ್ಪ ಒಂದು ಸರ್ಕಾರಿ ಗುಡ್ಡಕ್ಕೆ ಬೇಲಿ ಹಾಕಿ, ನೆರಳಿಗೆ ಮರ ನೆಟ್ಟು, ಅದರಡಿ ಕಾಫಿ ನೆಟ್ಟು, ನೆಟ್ಟದ್ದನ್ನೇ ತೋರಿಸಿ ಗುಡ್ಡವನ್ನು ಸಕ್ರಮ ಮಾಡಿಸಿಕೊಂಡಿದ್ದರು. ಖಾಲಿ ಜಾಗ ಹೋಗುತ್ತದೆ, ನೆಟ್ಟ ಜಾಗ ಉಳಿಯುತ್ತದೆ ಎಂಬುದು ರಾಜಶೇಖರ್‌ಗೆ ತೊಟ್ಟಿಲಲ್ಲೇ ತಿಳಿದ ವಿಷಯ. ಎಂಜಿನಿಯರ್ ಬಸ್ಸು ಹತ್ತಿದ ಕೂಡಲೇ ಡಿ ಡ್ರೈವಿನಲ್ಲಿ ನಾಟಿ ಕೆಲಸ ಪ್ರಾರಂಭವಾಯಿತು. ಮೊದಲು ತಂಗಿಯ ಮದುವೆಯ ಆಲ್ಬಮ್ಮನ್ನು ಸ್ಕ್ಯಾನ್ ಮಾಡಿ ಹಾಕಿದರು. ನಂತರ ಅದರ ಪ್ರತಿ. ನಂತರ ಪ್ರತಿಯ ಪ್ರತಿ. ಲೆಕ್ಕಶಾಖೆಯ ಸಿಬ್ಬಂದಿ ಊಟದ ಹೊತ್ತಿನಲ್ಲೂ ಸರದಿಯ ಮೇಲೆ ನೆಟ್ಟರು. ಆ ಶಾಖೆ ಅಷ್ಟು ದುಡಿದದ್ದನ್ನು ಯಾರೂ ಕಂಡಿರಲಿಲ್ಲ.

ಮತ್ತೆ ಬಂದ ಶ್ವೇತಾ ಪರದೆ ನೋಡಿ ಕಣ್ಣುಜ್ಜಿಕೊಂಡಳು. “ಸಾರ್, ಡಿ ತುಂಬಿಹೋಗಿದೆ! ಯಾವ ಫೋಲ್ಡರ್ ತೆಗೆದ್ರೂ ಅದೇ ಮದುವೆ. ಅದೇ ಧಾರೆ, ಅದೇ ಊಟದ ಪಂಕ್ತಿ. ಇದೇನ್ ಸಾರ್?”

“ಅದೆಲ್ಲ ನೆರಳು ಮರ ಅಮ್ಮ,” ಎಂದರು ರಾಜಶೇಖರ್. “ಲೆಕ್ಕ ಆಮೇಲೆ ನೆಡ್ತೀವಿ.”

“ಅಳಿಸಿಬಿಡ್ಲಾ?”

“ಮುಟ್ಟಿ ನೋಡಿ! ಕೋರ್ಟಿಗೆ ಹೋಗ್ತೀನಿ. ಅನುಭವದಲ್ಲಿರೋ ಜಾಗ.”

ವ್ಯಾಜ್ಯ ಉದ್ಭವಿಸಿದ್ದರಿಂದ ಬಸವಯ್ಯನವರು ಸ್ಥಳ ತನಿಖೆಗೆ ದಿನ ಗೊತ್ತುಮಾಡಿದರು. ಸ್ಥಳವು ಅವರ ಕುರ್ಚಿಯ ಪಕ್ಕದಲ್ಲೇ ಇದ್ದರೂ ನಿಯಮದಂತೆ ಜೀಪನ್ನು ಹೊರಡಿಸಿ, ಬಸ್ ನಿಲ್ದಾಣ ಸುತ್ತಿಕೊಂಡು ಬಂದು ಇಳಿದರು. ಸರ್ವರ್‌ನ ಮುಚ್ಚಳ ಬಿಚ್ಚಲಾಯಿತು. ಮರದ ವಿಷಯ ಕೇಳಲು ಬಂದಿದ್ದ ವೀರಯ್ಯನನ್ನು ಪಂಚನನ್ನಾಗಿ ನಿಲ್ಲಿಸಿ ಕೈಗೆ ಟೇಪು ಕೊಡಲಾಯಿತು.

“ಸಿ ಎಲ್ಲಿಗೆ ಮುಗಿಯುತ್ತಮ್ಮ?” ಎಂದು ಬಸವಯ್ಯನವರು ಕೇಳಿದರು.

“ಕಣ್ಣಿಗೆ ಕಾಣಲ್ಲ ಸಾರ್.”

“ಹಾಗಿದ್ರೆ ಚೆಕ್ಕುಬಂದಿ ಏನಂತ ಬರೀಲಿ? ಪೂರ್ವಕ್ಕೆ ಏನಿದೆ?”

“ಪೂರ್ವಕ್ಕೆ... ಫ್ಯಾನ್ ಇದೆ ಸಾರ್.”

ಪೂರ್ವಕ್ಕೆ ಫ್ಯಾನು, ಪಶ್ಚಿಮಕ್ಕೆ ಫ್ಲಾಪಿ, ಉತ್ತರಕ್ಕೆ ವೈರು, ದಕ್ಷಿಣಕ್ಕೆ ನಿಗಮದ ಗೋಡೆ ಎಂದು ದಾಖಲಾಯಿತು. ಫ್ಯಾನಿನ ಮೇಲೆ ಕಲ್ಲು ನೆಡಬೇಕೆಂಬ ಸಲಹೆಯನ್ನು ಶ್ವೇತಾ ಕೈಮುಗಿದು ತಪ್ಪಿಸಿದಳು.

“ಸಾ, ಮರ ಒಂದ್ ಹೆಂಚು ಒಡ್ದಾಕ್ತು,” ಎಂದ ವೀರಯ್ಯ, ಟೇಪು ಸುತ್ತುತ್ತಾ. “ನಮ್ಮೋಳು ಒಂದ್ ಕಣ್ಣು ಸಾರಿನ್ ಮೇಲೆ, ಒಂದ್ ಕಣ್ಣು ಸೂರಿನ್ ಮೇಲೆ ಇಟ್ಕಂಡ್ ಒಗ್ಗರಣೆ ಹಾಕ್ತಾವ್ಳೆ.”

“ಪಂಚರು ಬೇರೆ ವಿಷಯ ಮಾತಾಡಬಾರದು.”

ಕಡೆಗೆ ಈ ಕೆಳಕಂಡ ಆದೇಶ ಹೊರಟಿತು: “ಶ್ರೀ ರಾಜಶೇಖರ್ ಅವರು ಡಿ ಡ್ರೈವಿನಲ್ಲಿ ಬೆಳೆಸಿರುವ ಮದುವೆಯನ್ನು ಮಾನವೀಯ ದೃಷ್ಟಿಯಿಂದ ಪರಿಗಣಿಸಿ, ಇ ಎಂಬ ಹೊಸ ಡ್ರೈವನ್ನು ಸೃಷ್ಟಿಸಿ ಸದರಿಯವರ ಸ್ವಂತ ಹೆಸರಿಗೆ ಸಕ್ರಮಗೊಳಿಸಲಾಗಿದೆ. ಅವರ ನಂತರ ಅದು ವಾರಸುದಾರರಿಗೆ ಸಲ್ಲತಕ್ಕದ್ದು. ಉಳಿದ ಚೂರುಪಾರು ಜಾಗವನ್ನು ಸಿಗೆ ಸೇರಿಸತಕ್ಕದ್ದು.”

ಆದೇಶ ಕೈಸೇರಿದ ಮರುಕ್ಷಣ ರಾಜಶೇಖರ್ ಮದುವೆಯನ್ನೆಲ್ಲ ತಾವೇ ಅಳಿಸಿದರು. “ಹಕ್ಕುಪತ್ರ ಬಂದ್ಮೇಲೆ ನೆರಳು ಯಾಕ್ರೀ?” ಎಂದರು. ಶ್ವೇತಾ ಹಲ್ಲು ಕಚ್ಚಿಕೊಂಡು ಕುಳಿತು ಡಿಸ್ಕನ್ನು ಆದೇಶದಂತೆ ಮತ್ತೆ ಭಾಗ ಮಾಡಿ, ಹೇಳಿದಂತೆ ಸಂಜೆಯೊಳಗೆ ಮುಗಿಸಿ, ಕಾಫಿಗೂ ನಿಲ್ಲದೆ ಹಾಸನದ ಬಸ್ಸು ಹತ್ತಿದಳು.

ಮೊದಲನೆಯ ಪರವಾನಗಿ ವೀರಯ್ಯನದೇ ಮುದ್ರಿತವಾಯಿತು. ಆದರೆ ಮರ ಹಿಂದಿನ ದಿನದ ಗಾಳಿಮಳೆಗೆ ಬಿದ್ದುಬಿಟ್ಟಿತ್ತು. ಭೂತಮ್ಮ ಕೋಳಿ ಅಟ್ಟಲು ಹೊರಗೆ ಬಂದಿದ್ದಳು. ಆದ್ದರಿಂದ ಅವಳಿಗೂ ಕೋಳಿಗೂ ಏನೂ ಆಗಲಿಲ್ಲ. ಅಡುಗೆಮನೆಗೆ ಮಾತ್ರ ಆಯಿತು.

“ತಡೆ ಇದ್ದಾಗಲೇ ಬಿತ್ತೇ?” ಬಸವಯ್ಯನವರ ಮುಖ ಗಂಭೀರವಾಯಿತು. “ಪರವಾನಗಿಯಲ್ಲಿ ‘ನಿಂತಿರುವ ಮರ’ ಅಂತ ಇದೆ. ನಿನ್ನದು ಮಲಗಿದೆ. ಪರವಾನಗಿ ಇಲ್ಲದೆ ಮಲಗಿದ ಮರಕ್ಕೆ ನಿನ್ನ ಮೇಲೆ ಮೊಕದ್ದಮೆ ಆಗುತ್ತೆ.”

“ಏನ್ ಮಾಡ್ಲಿ ಸಾ?”

“ಎಬ್ಬಿಸಿ ನಿಲ್ಲಿಸು.”

ಇಡೀ ಊರು ಸೇರಿ, ಹಗ್ಗ ಕಟ್ಟಿ, ಟ್ರ್ಯಾಕ್ಟರ್ ಹೂಡಿ, ಬಿದಿರು ಊರುಗೋಲು ಕೊಟ್ಟು ಹಲಸಿನ ಮರವನ್ನು ಎಬ್ಬಿಸಿ ನಿಲ್ಲಿಸಿತು. ರಾಜಶೇಖರ್ ಖುದ್ದಾಗಿ ಬಂದು ಹಗ್ಗದ ತುದಿ ಹಿಡಿದರು. ಬಸವಯ್ಯನವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮರ ನಿಂತಿದೆಯೆಂದು ದೃಢಪಡಿಸಿ, ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ಎಲ್ಲ ಕೋನಗಳಿಂದ ಫೋಟೋ ತೆಗೆದರು. ಬಳಿಕ ಕೈ ಸನ್ನೆ ಮಾಡಿದರು. ವೀರಯ್ಯ ಒಂದೇ ಏಟು ಹಾಕಿದ. ಹಗ್ಗ ಬಿಟ್ಟರು. ಮರವು ಈ ಬಾರಿ ಕಾನೂನುಬದ್ಧವಾಗಿ, ಹಿಂದಿನ ಸಲ ತಪ್ಪಿಸಿಕೊಂಡಿದ್ದ ಬಚ್ಚಲಮನೆಯ ಮೇಲೆ ಬಿದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಫೋಟೋಗಳನ್ನು ಅಂದು ಸಂಜೆಯೇ ಸಿ ಡ್ರೈವಿಗೆ ಹಾಕಲಾಯಿತು. ಸಿ ತುಂಬಿತು. ಇ ಖಾಲಿ ಇತ್ತು, ಆದರೆ ಅದು ಖಾಸಗಿ ಸ್ವತ್ತು. ತಾಲ್ಲೂಕಿನಲ್ಲಿ ಯಾವುದೇ ಮರವು ಬೀಳತಕ್ಕದ್ದಲ್ಲ ಎಂದು ಮರುದಿನ ಮತ್ತೆ ಪ್ರಕಟಣೆ ಹೊರಟಿತು.

ಅದರ ಒಂದು ಪ್ರತಿಯನ್ನು ವೀರಯ್ಯ ಕೇಳಿ ಪಡೆದ. ಹಿತ್ತಲಿನ ಸಿಲ್ವರ್ ಓಕ್ ಈಗ ಮಲಗುವ ಕೋಣೆಯ ಕಡೆಗೆ ವಾಲತೊಡಗಿತ್ತು. ಅಂಗಳದಲ್ಲಿ ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟಿದ್ದ ಭೂತಮ್ಮ ಬೆಂದ ಅನ್ನವನ್ನೇ ಹಿಸುಕಿ ಅಂಟು ಮಾಡಿಕೊಟ್ಟಳು.

“ಹೋದ್ ಸಲ ನೀನು ಬಾಯಲ್ಲಿ ಹೇಳ್ದೆ. ಬಾಯ್ ಮಾತಿಗೆ ಯಾರ್ ಬೆಲೆ ಕೊಡ್ತಾರೆ ಮಾರಾಯ? ಈ ಸಲ ಕಾಗ್ದನೇ ಗೋಡೆಗೆ ಅಂಟ್ಸು. ಸೀಲು ಮರದ್ ಕಡೆಗೆ ಕಾಣಂಗೆ ಇರ್ಲಿ.”

ವೀರಯ್ಯ ಹಾಗೆಯೇ ಅಂಟಿಸಿದ. ಸಾರ್ವಜನಿಕರ ಈ ಸಹಕಾರವನ್ನು ನಿಗಮವು ಮೆಚ್ಚಿಕೊಂಡು, ಸೀಲು ಮರದ ಕಡೆಗೇ ಇರಬೇಕೆಂಬ ತಿದ್ದುಪಡಿಯನ್ನು ನಿಯಮಾವಳಿಗೆ ಸೇರಿಸಿದೆ.