ಮೆತ್ತನೆಯ ಮಾತಿನ ಸೋಮವಾರ

ಆ ಸೋಮವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯ ಗುರಲಿಂಗಪ್ಪನವರ ಬಾಯಿಂದ 'ಬಂಗಾರ' ಎಂಬ ಮಾತೊಂದು ಹೊರಬಿದ್ದದ್ದೇ ಮುಂದಿನ ಎಲ್ಲ ಅನರ್ಥಗಳಿಗೂ ಮೂಲವಾಯಿತು.

ಮಾತು ಬಿದ್ದದ್ದು ಏಳನೆಯ ತರಗತಿಯ ಯಲ್ಲಾಲಿಂಗನ ಮೇಲೆ. ಗಂಟೆ ಹೊಡೆದು ಹತ್ತು ನಿಮಿಷವಾದ ಮೇಲೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿಬಂದ ಹುಡುಗ ಗೇಟಿನ ಬಳಿ ಅಭ್ಯಾಸದಂತೆ ತಲೆ ತಗ್ಗಿಸಿ ನಿಂತು ಸಿಡಿಲಿಗಾಗಿ ಕಾಯುತ್ತಿದ್ದ.

"ಬಂದ್ಯಾ ಬಂಗಾರ? ತಡ ಆದ್ರ ಆಗ್ಲಿ. ನೀ ಬಂದಿಯಲ್ಲ, ಅದ ದೊಡ್ಡದು. ಒಳಗ ಹೋಗಪ್ಪಾ."

ಯಲ್ಲಾಲಿಂಗನ ಹೆಗಲಿನಿಂದ ಚೀಲ ಜಾರಿತು. "ಸರ್, ನಮ್ಮಪ್ಪಗ ಏನರೆ ಆಗೇದೇನ್ರಿ? ಬಿಲ್ಡಿಂಗ್ ಸೈಟ್‌ನಿಂದ ಫೋನ್ ಬಂತೇನ್ರಿ?"

"ಏನೂ ಆಗಿಲ್ಲ. ಆರಾಮ ಇರು."

"ಮತ್ಯಾಕ ಹಿಂಗ ಮಾತಾಡ್ಲಿಕ್ಕತ್ತೀರಿ?"

ಗೋರೆಗಾಂವ್‌ನ ಆ ಕನ್ನಡ ಶಾಲೆಯಲ್ಲಿ ಗುರಲಿಂಗಪ್ಪನವರು ಇಪ್ಪತ್ತೆರಡು ವರ್ಷಗಳಿಂದ ಬೈಯುತ್ತ ಬಂದಿದ್ದರು. ಬೆತ್ತವನ್ನು ಎಂದೂ ಮುಟ್ಟಿದವರಲ್ಲ. ಅವರ ಗಂಟಲೇ ಸಾಕಾಗಿತ್ತು. ಅದು ಎದ್ದರೆ ಹೊರಗಿನ ರಿಕ್ಷಾಗಳು ಹಾರ್ನ್ ಒತ್ತಲು ನಾಚುತ್ತಿದ್ದವು. ಮಗುವೊಂದು ಎರಡು ದಿನ ಬಾರದಿದ್ದರೆ, ಅರ್ಧ ಕಟ್ಟಿದ ಬಿಲ್ಡಿಂಗಿನ ಒಂಬತ್ತನೆಯ ಮಹಡಿಗೂ ಏದುಸಿರು ಬಿಡುತ್ತ ಏರಿ, ಸಿಮೆಂಟು ಚೀಲಗಳ ಮರೆಯಿಂದ ಅದನ್ನು ಕೈಹಿಡಿದು ಕರೆತರುತ್ತಿದ್ದರು. ಹತ್ತುವಾಗಲೂ ಬೈಗುಳ, ಇಳಿಯುವಾಗಲೂ ಬೈಗುಳ. ಕಳೆದ ಐದು ವರ್ಷಗಳಲ್ಲಿ ಹತ್ತನೆಯ ತರಗತಿಯಲ್ಲಿ ಒಬ್ಬನೂ ನಪಾಸಾಗಿರಲಿಲ್ಲ.

ಅಂಥವರನ್ನು ಶನಿವಾರ ಸಯನ್‌ನ ಸಭಾಂಗಣವೊಂದರಲ್ಲಿ ಕೂರಿಸಿ ತರಬೇತಿ ಕೊಡಲಾಗಿತ್ತು. ಬದುಕಿನಲ್ಲಿ ಒಂದು ದಿನವೂ ನಲವತ್ತು ಮಕ್ಕಳ ಎದುರು ನಿಂತಿರದ ಟೈಧಾರಿ ತರುಣನೊಬ್ಬ, ಪ್ರೇರಣೆ, ದಯೆ, ಯಶಸ್ಸು ಎಂಬ ಮೂರು ಶಬ್ದಗಳನ್ನು ಮೂರು ಬಲೂನುಗಳ ಮೇಲೆ ಬರೆದು ಚಾವಣಿಗೆ ಹಾರಿಬಿಟ್ಟಿದ್ದ. ಗುರಲಿಂಗಪ್ಪನವರಿಗೆ ಮೈ ಉರಿದಿತ್ತು. ದಯೆಯನ್ನು ಗಾಳಿಯಂತೆ ಊದಿ ತುಂಬುವ ಕಾಲ ಬಂತೇ? ಆದರೆ ಶಾಲಾ ಸಂಸ್ಥೆಯ ಕಾರ್ಯದರ್ಶಿ ವಸಂತಿಯವರು ಚಪ್ಪಾಳೆ ತಟ್ಟಿ, ಬಾಗಿಲಲ್ಲಿ ಅವರನ್ನು ತಡೆದಿದ್ದರು.

"ಮಾಸ್ಟ್ರೇ, ಸೋಮವಾರ ಹನ್ನೊಂದಕ್ಕೆ ನಾನೇ ಬರ್ತೇನೆ. ಅರವತ್ತು ಮಕ್ಕಳು ಕ್ಲಾಸಲ್ಲಿ ಕೂತಿರ್ಬೇಕು. ಒಂದು ತಲೆ ಕಮ್ಮಿಯಾದ್ರೂ ಜೂನಿಂದ ಶಾಲೆಗೆ ಬೀಗ, ಕಮಿಟಿಯಲ್ಲಿ ಆಗಿ ಹೋಗಿದೆ. ಮತ್ತೆ ನಿಮ್ಮ ಆ ಬೊಬ್ಬೆ ಉಂಟಲ್ಲ, ಅದು ಇನ್ನು ಕೇಳಿದ್ರೆ ನಿಮ್ಮ ನೌಕರಿಯೂ ಇಲ್ಲ."

ಪಟ್ಟಿಯಲ್ಲಿದ್ದವರು ಅರವತ್ತಮೂರು. ಬೀಗ ಬಿದ್ದರೆ ಅವರಲ್ಲಿ ಅರ್ಧಕ್ಕರ್ಧ ಮಕ್ಕಳು ಮತ್ತೊಂದು ಶಾಲೆಯ ಮೆಟ್ಟಿಲು ಹತ್ತುವುದಿಲ್ಲ, ಇಟ್ಟಿಗೆ ಹೊತ್ತು ಬಿಲ್ಡಿಂಗಿನ ಮೆಟ್ಟಿಲು ಹತ್ತುತ್ತಾರೆ ಎಂಬುದು ಮಾಸ್ತರರಿಗೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದಲೇ ಅವರು ಸ್ವಾಭಿಮಾನವನ್ನು ಕಹಿಗುಳಿಗೆಯಂತೆ ನುಂಗಿ, ಮೆತ್ತಗೆ ಮಾತನಾಡುವ ವ್ರತ ತೊಟ್ಟದ್ದು.

ಎರಡನೆಯ ಪೀರಿಯಡ್ಡಿನಲ್ಲಿ ಸೋನಾಲಿ ಎಂಬ ಆರನೆಯ ತರಗತಿಯ ಹುಡುಗಿ ಖಾಲಿ ಪುಸ್ತಕ ಹಿಡಿದು ಎದ್ದು ನಿಂತಳು.

"ಹೋಮ್‌ವರ್ಕ್ ಆಗಿಲ್ಲೇನವ್ವಾ? ನಡೀತದ. ನೀ ನಗುನಗುತಾ ಇದ್ರ ನನಗಷ್ಟ ಸಾಕು."

ಸೋನಾಲಿ ಗೊಳೋ ಎಂದು ಅತ್ತಳು. ಅವಳ ಹಿಂದೆ ಇಡೀ ಬೆಂಚು ಅತ್ತಿತು. ಪಕ್ಕದ ಕೋಣೆಯಿಂದ ತರುಣಿ ಶಿಕ್ಷಕಿ ನಿಶ್ಮಿತಾ ಓಡಿಬಂದಳು. "ಸರ್, ಆರ್ ಯು ಓಕೆ? ಮಕ್ಕಳು ಕಹ್ ರಹೇ ಹೈಂ ಕಿ... ಐ ಮೀನ್, ನಿಮಗೆ ಹುಷಾರಿಲ್ಲ ಅಂತ ಹೇಳ್ತಿದ್ದಾರೆ."

ಜವಾನ ಅಂಗಾರ ಯಾವ ಪೀಠಿಕೆಯೂ ಇಲ್ಲದೆ ಮಾಸ್ತರರ ಹಣೆ ಮುಟ್ಟಿದ. "ಜ್ವರ ಇಲ್ಲ ಮಾರಾಯ್ರೆ. ಆದ್ರೆ ನನ್ನ ಭಾವನೂ ಹೀಗೇ. ಜನ್ಮ ಇಡೀ ಜಗಳ ಮಾಡಿ, ಒಂದು ದಿನ ಎಲ್ರಿಗೂ ಪ್ರೀತಿಯಿಂದ ಮಾತಾಡಿದ್ರು. ಮರುದಿನ ಹೋಗೇಬಿಟ್ರು."

ಗುರಲಿಂಗಪ್ಪನವರ ಗಂಟಲಲ್ಲಿ ಉತ್ತರವೊಂದು ಎದ್ದು, ಬಾಗಿಲವರೆಗೆ ಬಂದು, ವ್ರತ ನೆನಪಾಗಿ ಹಿಂದಿರುಗಿತು. "ಥ್ಯಾಂಕ್ಯೂ ಅಂಗಾರ," ಎಂದರು. ಅಂಗಾರನಿಗೆ ಇನ್ನು ಸಂಶಯವೇ ಉಳಿಯಲಿಲ್ಲ.

ಸಣ್ಣ ರಜೆಯಲ್ಲಿ ಸೋನಾಲಿ ಹಿತ್ತಲಿನ ಕಾಂಪೌಂಡ್ ಗೋಡೆ ಹತ್ತಿದಳು. ಗೋಡೆಯ ಆಚೆಗೆ ಮೂವತ್ತು ಅಂತಸ್ತಿನ ಟವರ್ ಏಳುತ್ತಿತ್ತು. ಶಾಲೆಯ ಮುಕ್ಕಾಲು ಮಕ್ಕಳ ತಂದೆತಾಯಿ ದುಡಿಯುತ್ತಿದ್ದುದು ಅಲ್ಲಿಯೇ. "ಯವ್ವಾ! ಸರ್ ನನಗ ಬೈಲಿಲ್ಲ! ಯಾರಿಗೂ ಬೈಲಿಕ್ಕತ್ತಿಲ್ಲ!" ಎಂದು ಅವಳು ಕೂಗಿದಳು.

ಹತ್ತು ನಿಮಿಷದೊಳಗೆ ಹಳದಿ ಹೆಲ್ಮೆಟ್ಟುಗಳ ಮೆರವಣಿಗೆಯೊಂದು ಶಾಲೆಯ ಅಂಗಳಕ್ಕೆ ನುಗ್ಗಿತು. ಮುಂದಾಳು ಸೋನಾಲಿಯ ತಾಯಿ ನೀಲಾಬಾಯಿ. ಕೈಯಲ್ಲಿ ಇನ್ನೂ ಗಾರೆಯ ಪುಟ್ಟಿ ಇತ್ತು.

"ಸರ್, ಎಲ್‌ಸಿ ಕೊಟ್ಟಬಿಡ್ರಿ."

ಶಾಲೆ ಬಿಟ್ಟ ಪ್ರಮಾಣಪತ್ರ! ಗುರಲಿಂಗಪ್ಪನವರು ಎರಡು ಹೆಜ್ಜೆ ಮುಂದೆ ಬಂದರು. "ಯಾಕ ನೀಲಾಬಾಯಿ? ಏನಾತವ್ವಾ?"

"ಹನ್ನೆರಡ ವರ್ಷದಾಗ ಏಳು ಸೈಟ್ ನೋಡೀನ್ರಿ ನಾ. ಕೆಲಸ ಮಾಡಸೋ ಮುಕಾದಮ ದಿನಾ ಬೈತಿರ್ತಾನ. ಅಂದ್ರ ಕೆಲಸ ಅದ ಅಂತ ಅರ್ಥ. ಯಾವತ್ತ 'ಅಕ್ಕಾ, ಚಾ ಕುಡೀರಿ' ಅಂತಾನ, ಅವತ್ತ ಸಂಜೀಕ ನಾವ್ ಗಂಟು ಕಟ್ಟಬೇಕು. ಸಾಲಿ ಬಂದ್ ಆಗ್ತದ, ನೀವು ಹೇಳವಲ್ರಿ. ನಮಗ ತಿಳಿಯಂಗಿಲ್ಲೇನು?"

"ಇಲ್ಲ ತಂಗೆವ್ವಾ, ಸಾಲಿ ಎಲ್ಲಿಗೂ ಹೋಗಂಗಿಲ್ಲ. ನೀವು ಗಾಬರಿ ಆಗಬ್ಯಾಡ್ರಿ. ಬಿಸಲಾಗ ಬಂದೀರಿ, ನೀರು ಕುಡೀತೀರೇನು?"

"ನೀರ್ ಕುಡೀರಿ ಅಂದ್ರೋ!" ಎಂದು ಯಲ್ಲಾಲಿಂಗನ ತಂದೆ ದಾನಪ್ಪ ಹೆಲ್ಮೆಟ್ಟು ತೆಗೆದು ಎದೆಗೊತ್ತಿಕೊಂಡ. "ಮುಗೀತು ಬಿಡ್ರಿ. ಇಂಗ್ಲಿಷ್ ಸಾಲ್ಯಾಗ ಮೂವತ್ತ ಸೀಟ್ ಉಳದಾವಂತ. ಎಲ್‌ಸಿ ಆಮ್ಯಾಲ ಒಯ್ಯೋಣು, ಮೊದಲ ಲೈನ್ ಹಚ್ಚೋಣು. ನಡೀಲೇ ಯಲ್ಲ್ಯಾ!"

ಅಲ್ಲಿಂದ ಮುಂದೆ ಮಾಸ್ತರರು ಸಮಾಧಾನ ಹೇಳಿದಷ್ಟೂ ಅಂಗಳ ಬರಿದಾಯಿತು. 'ಅಣ್ಣಾ' ಎಂದರೆ ನಾಲ್ವರು ಮಕ್ಕಳು ಹೊರಟರು. 'ದಯಮಾಡಿ' ಎಂದರೆ ಏಳು ಮಂದಿ. ಅವರು ಕೈ ಮುಗಿದಾಗಲಂತೂ ಮೂರನೆಯ ತರಗತಿ ಇಡಿಯಾಗಿ ಖಾಲಿಯಾಯಿತು. ಗೇಟಿನಲ್ಲಿ ನಿಂತ ಅಂಗಾರ ಎಣಿಕೆಯನ್ನು ಕೂಗಿ ಹೇಳುತ್ತಿದ್ದ, ಹಿಂದುಹಿಂದಕ್ಕೆ ಓಡುವ ಕ್ರಿಕೆಟ್ ಸ್ಕೋರಿನಂತೆ.

"ಐವತ್ತೆರಡು ಸಾರ್! ನಲವತ್ತನಾಲ್ಕು! ಮೂವತ್ತೆಂಟು... ಅಯ್ಯೋ ದೇವ್ರೇ, ವಸಂತಿ ಮೇಡಂ ರಿಕ್ಷಾ ಬಂತು!"

ಗುರಲಿಂಗಪ್ಪನವರು ಒಂದು ಕ್ಷಣ ಕಣ್ಣು ಮುಚ್ಚಿದರು. ಬಾಯಿ ತೆರೆದರೆ ನೌಕರಿ ಹೋಗುತ್ತದೆ, ತೆರೆಯದಿದ್ದರೆ ಶಾಲೆ. ದಯೆ ಎಂಬುದು ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೇ ಹೊರತು ಕೊಡುವವರ ಅಂದಕ್ಕಾಗಿ ಅಲ್ಲ. ಬಲೂನಿನ ತರುಣನಿಗೆ ಇದನ್ನು ಹೇಳುವವರು ಯಾರು? ಅವರು ಕಣ್ಣು ತೆರೆದರು, ಜೊತೆಗೆ ಬಾಯನ್ನೂ.

"ಯಲ್ಲ್ಯಾ! ಒಂದ್ ಹೆಜ್ಜಿ ಮುಂದ ಇಟ್ಟರ ನೋಡು! ಹದಿಮೂರರ ಮಗ್ಗಿ ಬರಂಗಿಲ್ಲ, ಇಂಗ್ಲಿಷ್ ಸಾಲಿ ಬೇಕೇನು ನಿನಗ? ದಾನಪ್ಪಾ, ಹೋದ ಶ್ರಾವಣದಾಗ ಮಗನ್ನ ಊರಿಗೆ ಒಯ್ದು ಇಪ್ಪತ್ತ ದಿನ ಸಾಲಿ ತಪ್ಪಿಸಿದಿ, ನಾ ಮರ್ತೀನಿ ಅಂತ ತಿಳ್ದಿಯೇನು? ನೀಲಾಬಾಯಿ! ಆ ಹುಡುಗಿಗೆ ಕನ್ನಡಕ ಕೊಡಿಸಂತ ನಾಕ್ ಸರ್ತಿ ಹೇಳೀನಿ. ಬೋರ್ಡ್ ಕಾಣಂಗಿಲ್ಲ ಆಕಿಗೆ, ಅದಕ ಹೋಮ್‌ವರ್ಕ್ ಆಗಂಗಿಲ್ಲ! ಎಲ್ಲಾರೂ ನಡೀರಿ ಒಳಗ! ಇಲ್ಲಾಂದ್ರ ನಾಳೆಯಿಂದ ಸೈಟಿಗೇ ಬಂದು ಕಲಿಸ್ತೀನಿ, ಎಲ್ಲಾರ ಮಾನ ಹೋಗಂಗ!"

ಅಂಗಳದಲ್ಲಿ ಒಂದು ನಿಟ್ಟುಸಿರು ಹರಡಿತು. ದಾನಪ್ಪನ ಮುಖ ಹಬ್ಬದ ಮನೆಯಂತೆ ಬೆಳಗಿತು. "ಏ, ಸಾಲಿ ಗಟ್ಟಿ ಅದ! ಸರ್ ಆರಾಮ ಅದಾರ!" ಎಂದು ಅವನು ರಸ್ತೆಗೆ ಓಡಿ, ದಾರಿಯಲ್ಲಿದ್ದವರನ್ನೆಲ್ಲ ಹಿಂದಕ್ಕೆ ಅಟ್ಟಿದ. ಮಕ್ಕಳು ಬೆಂಚುಗಳ ಮೇಲೆ ಮುಗಿಬಿದ್ದರು.

ವಸಂತಿಯವರು ಗೇಟಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೋಣೆ ಕೋಣೆ ಸುತ್ತಿ ತಲೆಗಳನ್ನು ಎಣಿಸಿದರು. ಅರವತ್ತನಾಲ್ಕು. ಗದ್ದಲದಲ್ಲಿ ಯಾರದೋ ಮೂರು ವರ್ಷದ ತಂಗಿಯೂ ಬಂದು ಕುಳಿತಿದ್ದಳು.

"ಶಾಲೆ ಉಳಿಯಿತು," ಎಂದು ಬರೆದು ಪೆನ್ನು ಮುಚ್ಚಿದ ಮೇಲೆ ಅವರು ಮಾಸ್ತರರತ್ತ ತಿರುಗಿದರು.

"ಮೇಡಂ, ನಾನು ಬೊಬ್ಬೆ ಹೊಡೆದದ್ದು ತಪ್ಪು. ರಾಜೀನಾಮೆ ಬರ್ಕೊಡ್ತೀನಿ."

"ಎಂಥದ್ದು ರಾಜೀನಾಮೆ? ಕನ್ನಡಕದ ವಿಷಯ ಹೇಳಿದ್ರಲ್ಲ, ಆಗ ನನ್ನ ಕಣ್ಣಲ್ಲಿ ನೀರು ಬಂತು ಮಾಸ್ಟ್ರೇ. ಆ ಬಲೂನಿನವನನ್ನು ಇನ್ನು ಕರೆಯುವುದಿಲ್ಲ. ಅಲ್ಲ, ಹೊರಟವರನ್ನು ಐದು ನಿಮಿಷದಲ್ಲಿ ಹಿಂದೆ ತಂದ್ರಿ! ಗ್ರಾಂಟ್ ರೋಡಿನ ನಮ್ಮ ಶಾಲೆಯಲ್ಲಿ ಹತ್ತೊಂಬತ್ತೇ ಮಕ್ಕಳು ಉಳಿದದ್ದು. ಅದಕ್ಕೆ ನೀವೇ ಸರಿ. ನಾಳೆಯಿಂದ ಅಲ್ಲಿಗೆ ಹೋಗಿ. ಇಲ್ಲಿ ನಿಶ್ಮಿತಾ ನೋಡ್ಕೊಳ್ತಾಳೆ. ಪಾಪ, ಮೆತ್ತಗಿನ ಹುಡುಗಿ."

ಗುರಲಿಂಗಪ್ಪನವರು ಬೇಡವೆನ್ನುವ ಮೊದಲೇ ವಸಂತಿಯವರು ಅಂಗಳಕ್ಕೆ ಬಂದು, ಗೌರವವೆಂದೇ ಭಾವಿಸಿ, ಆ ವರ್ಗಾವಣೆಯನ್ನು ಎಲ್ಲರೆದುರು ಸಾರಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಲ್ಮೆಟ್ಟುಗಳು ಒಂದರ ಬಳಿ ಒಂದು ಬಾಗಿ ಪಿಸುಗುಟ್ಟಿದವು. ಕೊನೆಗೆ ನೀಲಾಬಾಯಿ ಮುಂದೆ ಬಂದಳು.

"ಗ್ರಾಂಟ್ ರೋಡಿಗೆ ಇಲ್ಲಿಂದ ಸ್ಲೋ ಲೋಕಲ್ ಟ್ರೇನ್ ಸೀದಾ ಹೋಗ್ತದಲ್ರಿ?"

"ಹೋಗ್ತದೆ. ಯಾಕೆ?" ಎಂದರು ವಸಂತಿ.

"ಹಂಗಾರ ಎಲ್‌ಸಿ ಕೊಡ್ರಿ. ಸೋನಾಲಿ ಸರ್ ಜೋಡಿ ಹೋಗ್ತಾಳ."

"ನಂದೂ," ಎಂದ ದಾನಪ್ಪ. "ಮಕ್ಕಳಿಗೆಲ್ಲಾ ಕೂಡೇ ಪಾಸ್ ತಗಸೋಣು."

ನೋಡನೋಡುತ್ತ ಆಫೀಸಿನ ಬಾಗಿಲಿನಿಂದ ಗೇಟಿನ ತನಕ ಸಾಲು ಬೆಳೆಯಿತು. ತಾವು ಒಂದೇ ದಿನದಲ್ಲಿ ಎರಡು ಬಾರಿ ಕಳೆದುಕೊಳ್ಳುತ್ತಿರುವ ಶಾಲೆಯನ್ನು ಕಂಡು ಗುರಲಿಂಗಪ್ಪನವರ ತಾಳ್ಮೆಯ ಕಟ್ಟೆಯೊಡೆಯಿತು. ಅವರು ಕುರ್ಚಿಯ ಮೇಲೇರಿ, ಇಪ್ಪತ್ತೆರಡು ವರ್ಷಗಳಲ್ಲಿ ಎಂದೂ ಎತ್ತದಷ್ಟು ಎತ್ತರದ ದನಿಯಲ್ಲಿ ಗುಡುಗಿದರು:

"ಒಬ್ಬರೂ ನನ್ನ ಬೆನ್ನ ಹಿಂದ ಬರಂಗಿಲ್ಲ! ಬುದ್ಧಿ ಅದ ಏನ್ರಿ ನಿಮಗ? ಇದ್ದ ಸಾಲಿ ಮುಚ್ಚಿಸ್ತೀರಿ! ನಡೀರಿ ಇಲ್ಲಿಂದ!"

"ಕೇಳಿದ್ರೇನು?" ಎಂದು ನೀಲಾಬಾಯಿ ತುಂಬಿದ ಕಣ್ಣುಗಳಿಂದ ಹಿಂದಿನವರತ್ತ ತಿರುಗಿದಳು. "ಇಂಥಾ ಮಾಸ್ತರ್ ಮತ್ತೆಲ್ಲಿ ಸಿಗ್ತಾರ್ರಿ?"

ಅಲ್ಲಿಯ ತನಕ ದೂರ ನಿಂತು ಅನುಮಾನಿಸುತ್ತಿದ್ದ ಕೊನೆಯ ಆರು ಮಂದಿಯೂ ಬಂದು ಸಾಲಿನಲ್ಲಿ ನಿಂತರು.