ಚಪ್ಪಾಳೆ ತಟ್ಟುವ ತರಗೆಲೆಗಳು

ಬಹಳ ಹಿಂದೆ, ಅಂದರೆ ಹೊಗೆ ಇನ್ನೂ ಪೂರ್ತಿ ಆರಿರದಷ್ಟು ಹಿಂದೆ, ಪರ್ಣಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಶ್ರೀಮನ್ಮಹಾರಾಜ ಕೀರ್ತಿಕಾಂತ ಪ್ರಭುಗಳು ಹೊಗಳಿಕೆ ಇಲ್ಲದೆ ತುತ್ತು ಎತ್ತುತ್ತಿರಲಿಲ್ಲ. ಒಂದು ಬೆಳಗ್ಗೆ ಅವರು ಕಾಡಿಗೆ ವಾಯುವಿಹಾರಕ್ಕೆ ಹೋದಾಗ ಪಾದದಡಿ ಒಣಗಿದ ಎಲೆಗಳು ಚಟಪಟ ಎಂದವು.

"ಇದೇನು ಸದ್ದು?" ಎಂದರು ಪ್ರಭುಗಳು.

"ಚಪ್ಪಾಳೆ, ಮಹಾಪ್ರಭು," ಎಂದ ವನಮಂತ್ರಿ ವಿನಯಶೇಖರ, ಕಣ್ಣು ಮಿಟುಕಿಸದೆ. "ತಮ್ಮ ದರ್ಶನಕ್ಕೆಂದೇ ಮರಗಳು ಎಲೆಗಳನ್ನು ಕೆಳಗೆ ಕಳಿಸಿವೆ."

ಪ್ರಭುಗಳಿಗೆ ಕಣ್ಣೀರೇ ಬಂತು. ಮಾರನೆಯ ದಿನವೇ ತರಗೆಲೆ ಸಂರಕ್ಷಣಾ ಶಾಸನ ಹೊರಬಿತ್ತು: ಕಾಡಿನ ಎಲೆಯನ್ನು ಯಾರೂ ಗುಡಿಸಕೂಡದು, ಸುಡಕೂಡದು, ಪೊದೆ ಸವರಕೂಡದು. ಪ್ರೆಸ್‌ಮೀಟಿನಲ್ಲಿ ಮಂತ್ರಿ ಇದನ್ನು 'ಪರಿಸರಸ್ನೇಹಿ ಸಾರ್ವಜನಿಕ ಸ್ಪಂದನೆ' ಎಂದು ಕರೆದ. ಊಟ ಚೆನ್ನಾಗಿದ್ದುದರಿಂದ ಪತ್ರಕರ್ತರು ಹಾಗೆಯೇ ಬರೆದುಕೊಂಡರು.

ಕಾಡಂಚಿನ ಹೊಂಗೆಹಟ್ಟಿಯವರಿಗೆ ಮಾತ್ರ ಊಟ ಸೇರಲಿಲ್ಲ. ಚಳಿ ಮುಗಿಯುವ ಹೊತ್ತಿಗೆ, ಎಲೆಗಳಲ್ಲಿ ಇಬ್ಬನಿಯ ತೇವ ಇರುವಾಗಲೇ, ಅವರು ಹಟ್ಟಿಯ ಸುತ್ತಲಿನ ತರಗಿಗೆ ಸಣ್ಣ ಬೆಂಕಿ ಕೊಟ್ಟು, ಬಡಿದು ಆರಿಸಲು ಹಸಿ ಸೊಪ್ಪು ಹಿಡಿದು ಅದರ ಪಕ್ಕದಲ್ಲೇ ನಡೆಯುತ್ತಿದ್ದರು. ಲಂಟಾನದ ಪೊದೆ ಕಡಿದು, ಮರದ ಕೆಳಗಿನ ಕೊಂಬೆ ಸವರುತ್ತಿದ್ದರು. ಹಾಗೆ ಮಾಡಿದರೆ ಬೇಸಿಗೆಯ ಬೆಂಕಿ ನೆಲದಲ್ಲೇ ತೆವಳಿ ಆರುತ್ತಿತ್ತು, ಮರ ಹತ್ತುತ್ತಿರಲಿಲ್ಲ. ಈಗ ಆ ಕೆಲಸ ರಾಜದ್ರೋಹವಾಯಿತು.

ಕೆಲವು ವರ್ಷ ಸಹಿಸಿಕೊಂಡ ಹಟ್ಟಿಯ ಯಜಮಾನಿ ದುಂಡಮ್ಮ ಕೊನೆಗೆ ಆಸ್ಥಾನಕ್ಕೇ ಬಂದಳು. ಅವಳದು ಬಾಯಿ ಜೋರು.

"ಬುದ್ಧಿ, ತರಗು ಮೊಣಕಾಲುದ್ದ ಬಿದ್ದದೆ. ಒಂದು ಕಿಡಿ ತಾಕಿದ್ರೆ ಪೊದೆ ಹತ್ಕತದೆ, ಪೊದೆಯಿಂದ ಮರ, ಮರದಿಂದ ನಮ್ಮ ಹಟ್ಟಿ. ಸುತ್ತಮುತ್ಲಾರ ಸುಟ್ಕತೀವಿ, ಬುಡಿ."

"ಮಹಾರಾಜರಿಗೆ ಚಪ್ಪಾಳೆ ತಟ್ಟುವವರನ್ನು ಸುಡುವುದೇ!" ಎಂದು ಮಂತ್ರಿ ಕಿವಿ ಮುಚ್ಚಿಕೊಂಡ.

"ಎಲೆ ಎಲ್ಲಾರ ಚಪ್ಪಾಳೆ ತಟ್ತದಾ? ಯಾವೋನು ಹಂಗಂದೋನು?"

ಹಾಗೆಂದವನು ಮೇಲ್ಛಾವಣಿ ನೋಡಿದ. ಪ್ರಭುಗಳಾದರೋ ಕರುಣಾಳು. "ಈ ತಾಯಿಗೆ ನಮ್ಮ ಚಪ್ಪಾಳೆ ಕೇಳುವ ಭಾಗ್ಯ ಸಿಕ್ಕಿಲ್ಲ, ಅದಕ್ಕೇ ಈ ಅಜ್ಞಾನ. ನಾವೇ ಹೊಂಗೆಹಟ್ಟಿಗೆ ದಯಮಾಡಿಸುತ್ತೇವೆ," ಎಂದರು.

ಸರಿ, ರಾಜ್ಯದ ಕಾಡುಗಳಿಂದೆಲ್ಲ ತರಗೆಲೆ ಗಾಡಿಗಟ್ಟಲೆ ಬಂತು. ಹಟ್ಟಿಯ ಬಾಗಿಲವರೆಗೂ ಸುರಿದರು. ತೇವದ ಎಲೆ ಸದ್ದು ಮಾಡುವುದಿಲ್ಲವೆಂದು ಮಂತ್ರಿ ನಡುಬೇಸಿಗೆಯ ಮಟಮಟ ಮಧ್ಯಾಹ್ನವನ್ನೇ ಮುಹೂರ್ತವಾಗಿ ಗೊತ್ತುಮಾಡಿದ. ಪ್ರಭುಗಳು ಬಂದರು, ನಡೆದರು, ಚಟಪಟ ಕೇಳಿ ತಲೆದೂಗಿದರು. ಅಭಿಮಾನಿ ಬಳಗದವರು ಸಂತೋಷ ತಡೆಯಲಾರದೆ ಪಟಾಕಿ ಸರ ಹಚ್ಚಿದರು.

ಮುಂದಿನದನ್ನು ತಮಾಷೆಯಾಗಿ ಹೇಳಲು ನನಗೆ ಬರುವುದಿಲ್ಲ. ದುಂಡಮ್ಮ ಹೇಳಿದ ದಾರಿಯಲ್ಲೇ ಬೆಂಕಿ ಬಂತು: ಎಲೆಯಿಂದ ಪೊದೆಗೆ, ಪೊದೆಯಿಂದ ಮರದ ನೆತ್ತಿಗೆ, ಅಲ್ಲಿಂದ ಮನೆಗಳ ಮೇಲಕ್ಕೆ. ಪ್ರಭುಗಳ ಪಲ್ಲಕ್ಕಿ ಎಲ್ಲರಿಗಿಂತ ಮೊದಲು ಪಾರಾಯಿತು. ಜನ ಕೆರೆಗೆ ಇಳಿದು ಜೀವ ಉಳಿಸಿಕೊಂಡರು. ದುಂಡಮ್ಮ ಮಾತ್ರ ಉರಿಯುವ ಕೊಟ್ಟಿಗೆಗೆ ನುಗ್ಗಿ ಹಸುಗಳ ಹಗ್ಗ ಬಿಚ್ಚಿದಳು. ಹಸುಗಳು ಉಳಿದವು, ಅವಳ ಎರಡೂ ಅಂಗೈ ಬೆಂದುಹೋದವು. ಹಟ್ಟಿ ಬೂದಿಯಾಯಿತು.

ದುಂಡಮ್ಮನ ಒರಟು ಮಾತಿಗೆ ನೊಂದು ಎಲೆಗಳು ಆತ್ಮಾಹುತಿ ಮಾಡಿಕೊಂಡವೆಂದು ತನಿಖಾ ಸಮಿತಿ ವರದಿ ಕೊಟ್ಟಿತು. ಪ್ರಭುಗಳಿಗೆ 'ವನರಕ್ಷಾಮಣಿ' ಬಿರುದು ಘೋಷಣೆಯಾಯಿತು. ಸಮಾರಂಭ ಸುಟ್ಟ ಹಟ್ಟಿಯಲ್ಲೇ.

ಪ್ರಭುಗಳು ಕಿರೀಟದ ಮೇಲೊಂದು ಕಿರೀಟ ಧರಿಸಿ ಬೂದಿಯ ಮೇಲೆ ನಡೆದರು. ಸದ್ದೇ ಇಲ್ಲ. ಮುಖ ಚಿಕ್ಕದಾಯಿತು. ಮಂತ್ರಿ ಅಲ್ಲಿಯೇ ಹೊಸ ಶಾಸನ ಓದಿದ: ಕಾಡು ಮತ್ತೆ ಬೆಳೆದು ಎಲೆ ಉದುರಿಸುವವರೆಗೆ ಚಪ್ಪಾಳೆಯ ಸೇವೆ ಹೊಂಗೆಹಟ್ಟಿಯವರದು. ಭಟರು ಹೆಂಗಸರು, ಮಕ್ಕಳು, ಮುದುಕರೆನ್ನದೆ ಎಲ್ಲರನ್ನೂ ದಾರಿಯ ಎರಡೂ ಬದಿ ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು.

ಪ್ರಭುಗಳು ಮುಗುಳ್ನಗುತ್ತಾ ಬಂದು ದುಂಡಮ್ಮನ ಮುಂದೆ ನಿಂತರು. ಬಟ್ಟೆ ಸುತ್ತಿದ ಕೈಗಳನ್ನು ಅವಳು ಒಂದಕ್ಕೊಂದು ತಾಗಿಸಿದಳು.

"ಮೆತ್ತಗಾಯಿತು," ಎಂದರು ಪ್ರಭುಗಳು. "ಇನ್ನೊಮ್ಮೆ ತಟ್ಟು."